ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿರುವ ಗಾಲ್ಫ್ ನಿಯಮಗಳು

ನಮ್ಮ ತೋಟದ ಲೆಕ್ಕದ ಪುಸ್ತಕದ ಕೊನೆಯ ಎರಡು ಪುಟಗಳಲ್ಲಿ ಆಳುಗಳ ಬಟವಾಡೆಗಾಗಲಿ ಗೊಬ್ಬರದ ಖರ್ಚಿಗಾಗಲಿ ಸಂಬಂಧವಿಲ್ಲದ ಬರಹವೊಂದಿದೆ. ಅದರ ಕೆಳಗೆ ನಾಲ್ಕು ಸಹಿಗಳಿವೆ. ಒಂದು ನನ್ನದು, ಉಳಿದ ಮೂರು ನನ್ನೊಡನೆ ಶನಿವಾರ ಬೆಳಿಗ್ಗೆ ಗಾಲ್ಫ್ ಆಡುವ ಗೆಳೆಯರದು. ಅವರಲ್ಲಿ ಒಬ್ಬರು ಪೇಟೆಯಲ್ಲಿ ಕ್ಲಿನಿಕ್ ನಡೆಸುವ ಡಾಕ್ಟರು, ಇನ್ನೊಬ್ಬರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ಮತ್ತೊಬ್ಬರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಊರಿನವರೆಲ್ಲರೂ ಅವರನ್ನು ಹಾಗೆಯೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಗೆಳೆಯರೊಡನೆ ಬಿಡುವಿನ ವೇಳೆಯಲ್ಲಿ ಆಡುವ ಗಾಲ್ಫಿಗೆ ಪೂರ್ಣ ನಿಯಮಾವಳಿ ಬೇಕೇ, ಬೇಡವಾದರೆ ಯಾವುದನ್ನು ಸಡಿಲಿಸಬೇಕು, ಎಲ್ಲಿಯವರೆಗೆ ಸಡಿಲಿಸಬೇಕು ಎಂಬುದನ್ನು ನಾವು ನಾಲ್ವರೂ ಒಂದು ಮನಸ್ತಾಪದ ನಂತರ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ತೀರ್ಮಾನಿಸಿದೆವು. ಕೈಗೆ ಸಿಕ್ಕ ಕಾಗದ ಅದೊಂದೇ ಆಗಿದ್ದರಿಂದ ಅದರಲ್ಲಿಯೇ ಬರೆದುಕೊಂಡೆವು.

ಮನಸ್ತಾಪ ಹುಟ್ಟಿದ್ದು ಹೀಗೆ. ನಾವು ಆಡುವುದು ಮಲೆನಾಡಿನ ಒಂಬತ್ತು ಹೋಲ್‌ಗಳ ಒಂದು ಮೈದಾನದಲ್ಲಿ. ಹೋಲ್ ಎಂದರೆ ಮೊದಲ ಹೊಡೆತ ಹೊಡೆಯುವ ಟೀಯಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದು ಭಾಗ, ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಹದಿನೆಂಟು ಪೂರೈಸಬೇಕಾದರೆ ಅದನ್ನೇ ಎರಡು ಸುತ್ತು ಹಾಕಬೇಕು. ಅಂದು ಕೊನೆಯ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ, ತಲುಪುವ ಹೊತ್ತಿಗೆ ಮೇಷ್ಟ್ರು ಮತ್ತು ಮ್ಯಾನೇಜರ ನಡುವೆ ಒಂದೇ ಒಂದು ಹೊಡೆತದ ಅಂತರವಿತ್ತು, ಮ್ಯಾನೇಜರು ಗೆದ್ದರು. ಕ್ಲಬ್ಬುಗಳನ್ನು, ಅಂದರೆ ಚೆಂಡು ಹೊಡೆಯುವ ಕೋಲುಗಳನ್ನು, ಒರೆಸಿ ಚೀಲಕ್ಕೆ ಹಾಕುತ್ತಿದ್ದಾಗ ಮ್ಯಾನೇಜರು ಸಹಜವಾಗಿ, "ಏಳನೆಯ ಹೋಲ್‌ನಲ್ಲಿ ಚೆಂಡು ಹೆಂಟೆಯ ಪಕ್ಕದಲ್ಲಿ ಕೂತಿತ್ತು, ಸ್ವಲ್ಪ ಈಚೆ ಇಟ್ಟುಕೊಂಡು ಹೊಡೆದೆ, ಅಲ್ಲಿಂದಲೇ ಆಟ ತಿರುಗಿತು" ಎಂದರು. ಮೇಷ್ಟ್ರು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಅವರು ಅದೇ ಹೋಲ್‌ನಲ್ಲಿ, ಹಿಂದೆ ಯಾರೋ ಹೊಡೆದು ಹುಲ್ಲು ಕಿತ್ತುಹೋದ ಗುಂಡಿಯೊಳಗಿಂದ, ಚೆಂಡನ್ನು ಮುಟ್ಟದೆ ಇದ್ದಲ್ಲಿಂದಲೇ ಹೊಡೆದಿದ್ದರು, ಅದು ಹತ್ತು ಗಜವೂ ಹೋಗಿರಲಿಲ್ಲ. ಚೆಂಡು ಇದ್ದಲ್ಲಿಂದಲೇ ಆಡಬೇಕೆಂಬುದು ಈ ಆಟದ ಮೊದಲ ಪಾಠವೆಂದು ಅವರು ನಂಬಿದ್ದರು. ಫೇರ್‌ವೇಯಲ್ಲಿ, ಅಂದರೆ ಟೀಗೂ ಗ್ರೀನಿಗೂ ನಡುವಿನ ಕತ್ತರಿಸಿದ ಹುಲ್ಲಿನ ಹಾದಿಯಲ್ಲಿ, ಚೆಂಡನ್ನು ಚೂರು ಸರಿಸಿಕೊಳ್ಳುವುದು ನಮ್ಮ ನಡುವೆ ರೂಢಿಯೇ ಎಂದು ಮ್ಯಾನೇಜರು ನಂಬಿದ್ದರು. ಇಬ್ಬರೂ ಸುಳ್ಳು ಹೇಳುವವರಲ್ಲ, ಇಬ್ಬರೂ ಮೋಸ ಮಾಡಿರಲಿಲ್ಲ. ಮೂರು ವರ್ಷಗಳಿಂದ ಒಂದೇ ಮೈದಾನದಲ್ಲಿ ಎರಡು ಬೇರೆ ಬೇರೆ ಆಟಗಳನ್ನು ಆಡುತ್ತ, ಅಂಕಗಳನ್ನು ಮಾತ್ರ ಒಂದೇ ಕಾರ್ಡಿನಲ್ಲಿ ಬರೆಯುತ್ತಿದ್ದರು. ಮನೆಗೆ ಮರಳುವ ದಾರಿಯಲ್ಲಿ ಕಾರಿನೊಳಗೆ ಒಬ್ಬರೂ ಮಾತನಾಡಲಿಲ್ಲ. ಆಮೇಲೆ ಐದು ಶನಿವಾರ ಆಟವೇ ನಡೆಯಲಿಲ್ಲ.

ಆ ಐದು ವಾರಗಳಲ್ಲಿ ನನಗೆ ಬಹಳ ನೋವಾಯಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಐವತ್ತು ದಾಟಿದ ಮೇಲೆ ಸಿಕ್ಕ ಗೆಳೆತನಗಳು ಇವು. ಒಂದು ಹೊಡೆತದ ಕಾರಣಕ್ಕೆ ಅವುಗಳನ್ನು ಕಳೆದುಕೊಳ್ಳಲು ನಾನು ಸಿದ್ಧನಿರಲಿಲ್ಲ. ಆದ್ದರಿಂದ ಅಧಿಕೃತ ನಿಯಮಗಳನ್ನು ಮೊದಲ ಬಾರಿಗೆ ಆದ್ಯಂತ ಓದಿದೆ. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನಲ್ಲಿ ನೆಲೆಗೊಂಡಿರುವ ಆರ್ ಅಂಡ್ ಎ ಹಾಗೂ ಅಮೆರಿಕದ ಯುಎಸ್‌ಜಿಎ ಎಂಬ ಗಾಲ್ಫ್ ಸಂಸ್ಥೆಗಳು ಸೇರಿ ಪ್ರಕಟಿಸುವ ಈ ನಿಯಮಾವಳಿಯನ್ನು 2019ರಲ್ಲಿ ಪೂರ್ತಿಯಾಗಿ ಪರಿಷ್ಕರಿಸಿ, 34 ನಿಯಮಗಳನ್ನು 24ಕ್ಕೆ ಇಳಿಸಲಾಯಿತು. ನಾವು "ಇಷ್ಟು ಕಠಿಣವೇಕೆ" ಎಂದು ಗೊಣಗುತ್ತಿದ್ದ ಕೆಲವು ಸಂಗತಿಗಳನ್ನು ಆ ಪರಿಷ್ಕರಣೆಯೇ ಸಡಿಲಗೊಳಿಸಿದೆ. ಗ್ರೀನ್ ಮೇಲೆ ಆಕಸ್ಮಿಕವಾಗಿ ಚೆಂಡಿಗೆ ಕಾಲು ತಗುಲಿ ಅದು ಸರಿದರೆ ಈಗ ದಂಡವಿಲ್ಲ, ಮೊದಲಿದ್ದಲ್ಲಿಗೆ ಇಟ್ಟರಾಯಿತು. ಕುಳಿಯಲ್ಲಿರುವ ಧ್ವಜದ ಕೋಲನ್ನು ತೆಗೆಯದೆಯೇ ಪಟ್ ಮಾಡಬಹುದು, ಅಂದರೆ ಚೆಂಡನ್ನು ಕುಳಿಯತ್ತ ಉರುಳಿಸಬಹುದು. ಒಬ್ಬರಿಗೊಬ್ಬರು ಕಾಯುತ್ತ ನಿಲ್ಲದೆ, ಸಿದ್ಧರಾದವರು ಮೊದಲು ಹೊಡೆಯುವುದಕ್ಕೂ, ಒಟ್ಟು ಹೊಡೆತಗಳನ್ನು ಎಣಿಸಿ ಆಡುವ ಸ್ಟ್ರೋಕ್ ಪ್ಲೇನಲ್ಲಿ ಉತ್ತೇಜನವಿದೆ. ಹೀಗಾಗಿ ಸಡಿಲಿಸಬೇಕೆಂದು ನಾವು ಪಟ್ಟಿಮಾಡಿಕೊಂಡಿದ್ದರಲ್ಲಿ ಅನೇಕ ಅಂಶಗಳು ಆಗಲೇ ಸಡಿಲವಾಗಿದ್ದವು. ಅದು ನಮಗೆ ತಿಳಿದಿರಲಿಲ್ಲ, ಅಷ್ಟೇ. ಮನೆನಿಯಮ ಮಾಡಿಕೊಳ್ಳಲು ಹೊರಟವರು ಮೊದಲು ಮೂಲ ನಿಯಮವನ್ನು ಓದಬೇಕೆಂದು ನಾನು ಒತ್ತಿ ಹೇಳುವುದು ಈ ಅನುಭವದಿಂದಲೇ.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ. ಒಂದು ನಿಯಮ ಅನ್ವಯಿಸುತ್ತದೆಂದು ಗೊತ್ತಿದ್ದೂ ಅದನ್ನಾಗಲಿ ಅದರ ದಂಡವನ್ನಾಗಲಿ ಕಡೆಗಣಿಸೋಣವೆಂದು ಆಟಗಾರರು ಪರಸ್ಪರ ಒಪ್ಪಿಕೊಂಡು ಸುತ್ತು ಆರಂಭಿಸಿದರೆ ಅವರು ಸ್ಪರ್ಧೆಯಿಂದ ಅನರ್ಹರಾಗುತ್ತಾರೆ. ಮೇಷ್ಟ್ರು ಇದನ್ನು ಓದಿ ತೋರಿಸಿ, "ಹಾಗಾದರೆ ನಾವು ಮಾಡಹೊರಟಿರುವುದೇ ತಪ್ಪಲ್ಲವೇ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯದು. ನಾವು ಕಂಡುಕೊಂಡ ಉತ್ತರವೇ ನಮ್ಮ ಪುಟದ ಮೊದಲ ಸಾಲಾಯಿತು: ಈ ಒಪ್ಪಂದ ಶನಿವಾರದ ನಮ್ಮ ನಾಲ್ವರ ಆಟಕ್ಕೆ ಮಾತ್ರ. ಕ್ಲಬ್ಬಿನ ಯಾವ ಸ್ಪರ್ಧೆಗೂ ಇದನ್ನು ಒಯ್ಯುವುದಿಲ್ಲ, ಹೀಗೆ ಆಡಿ ಬಂದ ಅಂಕವನ್ನು, ಆಟಗಾರನ ಮಟ್ಟವನ್ನು ತೋರಿಸುವ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಕೊಡುವುದಿಲ್ಲ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿರುವುದರಿಂದ, ನಮ್ಮ ಸಡಿಲ ನಿಯಮಗಳ 88 ಹೊಡೆತ ಇನ್ನೊಬ್ಬರು ಕಟ್ಟುನಿಟ್ಟಾಗಿ ಆಡಿ ಪಡೆದ 88ರ ಪಕ್ಕದಲ್ಲಿ ಕುಳಿತುಬಿಟ್ಟರೆ ಆ ಅಪರಿಚಿತರಿಗೆ ಅನ್ಯಾಯವಾಗುತ್ತದೆ.

ಮೇಷ್ಟ್ರ ಸಂಕೋಚವನ್ನು ನಿಜವಾಗಿ ಕರಗಿಸಿದ್ದು ಇತಿಹಾಸ. ಈಗ ಉಳಿದುಬಂದಿರುವ ಅತ್ಯಂತ ಹಳೆಯ ಗಾಲ್ಫ್ ನಿಯಮಗಳು 1744ರವು. ಎಡಿನ್‌ಬರೋ ಬಳಿಯ ಲೀತ್ ಎಂಬಲ್ಲಿ ಬೆಳ್ಳಿಯ ಕ್ಲಬ್ ಒಂದನ್ನು ಬಹುಮಾನವಾಗಿಟ್ಟು ಪಂದ್ಯ ನಡೆಸುವ ಸಂದರ್ಭದಲ್ಲಿ ಅಲ್ಲಿನ ಆಟಗಾರರು ತಮಗಾಗಿ ಬರೆದುಕೊಂಡ 13 ನಿಯಮಗಳು ಅವು. ಕೊನೆಯದರಲ್ಲಿ ಆ ಮೈದಾನವನ್ನು ಕಾಪಾಡಲು ತೋಡಿದ ಕಾಲುವೆಗಳು, ವಿದ್ಯಾರ್ಥಿಗಳ ಗುಂಡಿಗಳು, ಸೈನಿಕರ ಸಾಲುಗಳು ಇವುಗಳಲ್ಲಿ ಚೆಂಡು ಬಿದ್ದರೆ ಹೊರತೆಗೆದು ಆಡಬಹುದೆಂದು ಹೇಳಿದೆ. ಜಗತ್ತಿನ ಬೇರಾವ ಮೈದಾನಕ್ಕೂ ಅರ್ಥವಾಗದ, ಅಲ್ಲಿನ ಮಣ್ಣಿಗೆ ಮಾತ್ರ ಸಲ್ಲುವ ನಿಯಮ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಲಂಡನ್ ಸಮೀಪದ ರಿಚ್ಮಂಡ್ ಗಾಲ್ಫ್ ಕ್ಲಬ್ ಹೊರಡಿಸಿದ ತಾತ್ಕಾಲಿಕ ನಿಯಮಗಳಲ್ಲಿ, ಹೊಡೆಯುವ ಕ್ಷಣದಲ್ಲಿಯೇ ಬಾಂಬ್ ಸಿಡಿದು ಹೊಡೆತ ಕೆಟ್ಟರೆ ಅದೇ ಜಾಗದಿಂದ ಇನ್ನೊಂದು ಚೆಂಡು ಆಡಬಹುದು, ಆದರೆ ಒಂದು ಹೊಡೆತದ ದಂಡವಿದೆ ಎಂದಿತ್ತು. ಬಾಂಬ್ ಬೀಳುವ ನಡುವೆಯೂ ಆಟ ನಿಲ್ಲಬಾರದು, ಲೆಕ್ಕವೂ ತಪ್ಪಬಾರದು ಎಂದು ಆ ಜನ ಬಯಸಿದ್ದರು. ಇದನ್ನು ಓದಿದಾಗ ನನಗೆ ಗೌರವ ಮೂಡಿತು.

ನಮ್ಮ ಬಾಲ್ಯದ ಆಟಗಳಲ್ಲಿಯೂ ನಡೆಯುತ್ತಿದ್ದುದು ಇದೇ ಅಲ್ಲವೇ? ಶಾಲೆಯ ಹಿಂದಿನ ಬಯಲಿನಲ್ಲಿ ಕ್ರಿಕೆಟ್ ಆಡುವಾಗ ಯಾರ ಮನೆಯ ಕಾಂಪೌಂಡಿನೊಳಗೆ ಚೆಂಡು ಹೋದರೆ ಔಟು, ಒಂದು ಪಿಚ್ ಬಿದ್ದ ಕ್ಯಾಚನ್ನು ಒಂದೇ ಕೈಯಲ್ಲಿ ಹಿಡಿದರೆ ನಡೆಯುತ್ತದೆಯೇ, ಮೊದಲ ಎಸೆತ ಟ್ರಯಲ್ಸೋ ಅಲ್ಲವೋ ಎಂಬುದೆಲ್ಲ ಬ್ಯಾಟು ಹಿಡಿಯುವ ಮೊದಲೇ ಇತ್ಯರ್ಥವಾಗುತ್ತಿತ್ತು. ಔಟಾದ ಮೇಲೆ ನಿಯಮ ಹೇಳಲು ಬಂದವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಹತ್ತು ವರ್ಷದ ಹುಡುಗರಿಗೆ ಗೊತ್ತಿದ್ದ ಈ ಕ್ರಮವನ್ನು ದೊಡ್ಡವರಾದ ನಾವು ಮರೆತಿದ್ದೆವು.

ಮೊದಲು ಇತ್ಯರ್ಥವಾದದ್ದು ಜಗಳಕ್ಕೆ ಮೂಲವಾದ ವಿಷಯವೇ. ಚೆಂಡನ್ನು ಸರಿಸಿಕೊಳ್ಳಬಹುದು, ಆದರೆ ಫೇರ್‌ವೇಯಲ್ಲಿ ಮಾತ್ರ, ಕುಳಿಗೆ ಹತ್ತಿರವಾಗದಂತೆ, ಮತ್ತು ಪಕ್ಕದಲ್ಲಿರುವವರಿಗೆ ಹೇಳಿಯೇ ಸರಿಸಬೇಕು. ಎಷ್ಟು ದೂರ ಎಂಬ ಪ್ರಶ್ನೆ ಬಂದಾಗ ಒಂದು ಗೇಣು ಎಂದು ನಾನು ಹೇಳಿದೆ. ಯಾರ ಗೇಣು ಎಂದು ಮೇಷ್ಟ್ರು ಕೇಳಿದರು. ಡಾಕ್ಟರ ಗೇಣಿಗೂ ನನ್ನ ಗೇಣಿಗೂ ಎರಡು ಬೆರಳಿನಷ್ಟು ವ್ಯತ್ಯಾಸವಿರುವುದನ್ನು ಮೇಜಿನ ಮೇಲೆ ಕೈಯಿಟ್ಟು ನೋಡಿದ ಮೇಲೆ, ಸ್ಕೋರ್ ಕಾರ್ಡಿನ ಉದ್ದವನ್ನೇ ಅಳತೆಯಾಗಿ ಇಟ್ಟುಕೊಂಡೆವು. ಕಾರ್ಡು ಎಲ್ಲರ ಜೇಬಿನಲ್ಲೂ ಇರುತ್ತದೆ, ಎಲ್ಲರದೂ ಒಂದೇ ಅಳತೆಯದು. ನಮ್ಮ ನೆಲದಲ್ಲಿ ಈ ಸಡಿಲಿಕೆ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂಗಾರು ಮುಗಿಯುವಷ್ಟರಲ್ಲಿ ಹುಲ್ಲು ಅಲ್ಲಲ್ಲಿ ಕೊಳೆತುಹೋಗಿರುತ್ತದೆ, ಬೇಸಿಗೆಯಲ್ಲಿ ಜಂಬಿಟ್ಟಿಗೆಯ ಹರಳು ಮೇಲೇಳುತ್ತದೆ. ಮೈದಾನದ ಸಮಿತಿಯೇ ಇಂಥ ಸ್ಥಳೀಯ ನಿಯಮವನ್ನು ಜಾರಿಗೆ ತರಲು ಅಧಿಕೃತ ಪುಸ್ತಕದಲ್ಲಿಯೂ ಅವಕಾಶವಿದೆ. ಸಿಲ್ವರ್ ಮರದ ಬೇರಿನ ಮೇಲೋ ಕಲ್ಲಿನ ಪಕ್ಕದಲ್ಲೋ ಚೆಂಡು ನಿಂತರೆ, ಅದು ಫೇರ್‌ವೇಯ ಆಚೆಗಿನ ಎತ್ತರದ ಹುಲ್ಲಾದ ರಫ್‌ನಲ್ಲಿದ್ದರೂ, ದಂಡವಿಲ್ಲದೆ ಸರಿಸಬಹುದೆಂದು ಡಾಕ್ಟರು ಸೇರಿಸಿದರು. ಬೇರಿಗೆ ಕ್ಲಬ್ ಬಡಿದು ಮಣಿಕಟ್ಟು ಊದಿಸಿಕೊಂಡವರಿಗೆ ಪಟ್ಟಿ ಕಟ್ಟುವವರು ಅವರೇ ಆದ್ದರಿಂದ ಯಾರೂ ಎದುರಾಡಲಿಲ್ಲ.

ಕಳೆದುಹೋದ ಚೆಂಡಿನ ವಿಷಯದಲ್ಲಿ ಹೆಚ್ಚು ಹೊತ್ತು ಚರ್ಚೆಯಾಯಿತು. ಮೂಲ ನಿಯಮದಂತೆ ಚೆಂಡು ಕಳೆದರೆ ಅಥವಾ ಗಡಿಯಾಚೆ ಹೋದರೆ ಒಂದು ಹೊಡೆತದ ದಂಡದೊಡನೆ, ಹಿಂದೆ ಹೊಡೆದ ಜಾಗಕ್ಕೇ ಹೋಗಿ ಮತ್ತೆ ಹೊಡೆಯಬೇಕು. ಹುಡುಕಲು ಸಿಗುವುದು ಮೂರು ನಿಮಿಷ, 2019ಕ್ಕೆ ಮೊದಲು ಐದು ನಿಮಿಷವಿತ್ತು. ನಾಲ್ವರೂ ತಲಾ ಎರಡು ಚೆಂಡು ಕಳೆದುಕೊಂಡು ಪ್ರತಿಯೊಂದಕ್ಕೂ ಮೂರು ನಿಮಿಷ ಹುಡುಕಿದರೆ, ಹಿಂದಕ್ಕೆ ನಡೆಯುವ ಸಮಯ ಬಿಟ್ಟೇ, 24 ನಿಮಿಷ ಪೊದೆಯ ಮುಂದೆ ಕಳೆದಂತಾಗುತ್ತದೆ. ಅಷ್ಟರಲ್ಲಿ ಹಿಂದಿನ ತಂಡದವರು ಬಂದು ನಿಂತಿರುತ್ತಾರೆ. ಇದಕ್ಕೂ 2019ರಿಂದ ಒಂದು ಅಧಿಕೃತ ಪರ್ಯಾಯವಿದೆ. ಸಮಿತಿ ಒಪ್ಪಿದರೆ, ಚೆಂಡು ಕಳೆದುಹೋದ ಅಂದಾಜು ಜಾಗದ ನೇರಕ್ಕೆ, ಫೇರ್‌ವೇಯ ಅಂಚಿನವರೆಗೂ ಬಂದು ಹೊಸ ಚೆಂಡು ಬಿಡಬಹುದು, ದಂಡ ಎರಡು ಹೊಡೆತ. ಎರಡು ಜಾಸ್ತಿಯಾಯಿತು, ಒಂದೇ ಸಾಕು ಎಂದು ಡಾಕ್ಟರು ವಾದಿಸಿದರು. ಮೇಷ್ಟ್ರು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಬಿಡಿಸಿ ತೋರಿಸಿದರು. ಟೀಯಿಂದ ಹೊಡೆದ ಚೆಂಡು ಕಳೆದು, ದಂಡ ಸೇರಿ, ಮತ್ತೆ ಟೀಯಿಂದ ಹೊಡೆದು ಅದು ಫೇರ್‌ವೇಗೆ ಬಂದರೆ ಅಲ್ಲಿಗೆ ಮೂರು ಆಗಿರುತ್ತದೆ, ಮುಂದಿನದು ನಾಲ್ಕನೆಯ ಹೊಡೆತ. ಹೊಸ ಪದ್ಧತಿಯಲ್ಲಿಯೂ ಮೊದಲ ಹೊಡೆತ ಒಂದು, ದಂಡ ಎರಡು, ಫೇರ್‌ವೇ ಅಂಚಿನಿಂದ ಆಡುವುದು ನಾಲ್ಕನೆಯದೇ. ಉಳಿತಾಯವಾಗುವುದು ನಡಿಗೆ ಮಾತ್ರ, ಹೊಡೆತವಲ್ಲ. ಡಾಕ್ಟರು ಆ ಸಾಲುಗಳನ್ನು ಎರಡು ಸಲ ಓದಿ ಒಪ್ಪಿದರು. ಒಂದು ಹೊಡೆತಕ್ಕೆ ಇಳಿಸಿದ್ದರೆ ನೇರವಾಗಿ ಹೊಡೆದವನಿಗೆ ಬೆಲೆಯೇ ಇರುತ್ತಿರಲಿಲ್ಲವೆಂದು ನಾನೂ ಭಾವಿಸುತ್ತೇನೆ.

ಈ ನಿಯಮಕ್ಕೆ ಮತ್ತೊಂದು ಸಾಲನ್ನು ನಾವು ಆಮೇಲೆ ಸೇರಿಸಿದೆವು. ಅದು ಅಕ್ಟೋಬರಿನ ಒಂದು ಬೆಳಿಗ್ಗೆ, ಮಳೆ ನಿಂತು ಎರಡು ದಿನವಾಗಿತ್ತು. ಐದನೆಯ ಹೋಲ್‌ನ ಎಡಬದಿಯ ಲಂಟಾನ ಪೊದೆಯೊಳಗೆ ಡಾಕ್ಟರ ಚೆಂಡು ಹೋಯಿತು. ಅವರು ಕ್ಲಬ್ಬಿನಿಂದ ಎಲೆ ಸರಿಸುತ್ತ ಒಂದು ಹೆಜ್ಜೆ ಒಳಗಿಟ್ಟರು. ಕುಕ್ಕರಿನ ಹಬೆ ಹೊರಬಿದ್ದಂತೆ ಉದ್ದನೆಯ ಬುಸುಗುಟ್ಟುವ ಸದ್ದು ಬಂತು. ನನ್ನ ಚೀಲ ಹೊತ್ತಿದ್ದ ಕ್ಯಾಡಿ ಹುಡುಗ, "ಸಾರ್, ಅಲ್ಲಾಡಬೇಡಿ" ಎಂದು ಕೂಗಿದ. ಒಣಗಿದ ಎಲೆಗಳ ನಡುವೆ ಸುರುಳಿ ಸುತ್ತಿ ಮಲಗಿದ್ದ ಕೊಳಕುಮಂಡಲದ ಮೈಮೇಲಿನ ಸರಪಳಿಯಂಥ ಕಂದು ಮಚ್ಚೆಗಳು ಡಾಕ್ಟರ ಬೂಟಿನಿಂದ ಎರಡಡಿ ದೂರದಲ್ಲಿ ನನಗೆ ಸ್ಪಷ್ಟವಾಗಿ ಕಂಡವು. ಅವರು ಉಸಿರು ಬಿಗಿಹಿಡಿದು ಕಾಲನ್ನು ನಿಧಾನವಾಗಿ ಹಿಂದೆಗೆದರು. ಪೊದೆಯ ಹೊರಗೆ ಬಂದ ಮೇಲೆ ಹುಲ್ಲಿನ ಮೇಲೆ ಕುಳಿತು ನೀರು ಕೇಳಿದರು. ಹಾವು, ಜೇನಿನಂಥ ಅಪಾಯಕಾರಿ ಜೀವಿಗಳ ಹತ್ತಿರ ಚೆಂಡು ಬಿದ್ದರೆ ದಂಡವಿಲ್ಲದೆ ದೂರ ಸರಿದು ಆಡುವ ಹಕ್ಕನ್ನು ಅಧಿಕೃತ ನಿಯಮವೇ ಕೊಟ್ಟಿದೆ. ನಮ್ಮ ಪುಟದಲ್ಲಿ ಅದಕ್ಕಿಂತ ಕಟ್ಟುನಿಟ್ಟಾದ ಮಾತಿದೆ: ಪೊದೆಯೊಳಗೆ ಯಾರೂ ಕಾಲಿಡಬಾರದು, ಕ್ಯಾಡಿಗಳನ್ನೂ ಕಳುಹಿಸಬಾರದು. ಹೊರಗಿನಿಂದ ಕಂಡರೆ ಚೆಂಡು, ಕಾಣದಿದ್ದರೆ ಕಳೆದಂತೆ. ಸಡಿಲ ನಿಯಮಗಳ ಪಟ್ಟಿಯಲ್ಲಿ ಬಿಗಿಯಾಗಿರುವ ಸಾಲು ಇದು, ಇದನ್ನು ಬಿಡಲು ನಾನು ಎಂದಿಗೂ ಒಪ್ಪುವುದಿಲ್ಲ.

ಕ್ಯಾಡಿಗಳ ಬಗೆಗೆ ಇನ್ನೂ ಒಂದು ಮಾತು ಹೇಳಬೇಕು. ಮೊದಲೆಲ್ಲ ಚೆಂಡು ಗಡಿಯೊಳಗಿತ್ತೋ ಹೊರಗಿತ್ತೋ ಎಂಬ ಅನುಮಾನ ಬಂದಾಗ ನಾವು ಕ್ಯಾಡಿಯನ್ನು ಕೇಳುತ್ತಿದ್ದೆವು. ಆ ಹುಡುಗರ ಕಣ್ಣು ನಮ್ಮದಕ್ಕಿಂತ ಚುರುಕು, ಆಟದ ಅರಿವೂ ಹೆಚ್ಚು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದನ್ನು ನಾವೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ದಿನದ ಕೂಲಿಯನ್ನು ಯಾರು ಕೊಡಬೇಕೋ ಅವರ ವಿರುದ್ಧವೇ ತೀರ್ಪು ಹೇಳೆಂದು ಒಬ್ಬ ಹುಡುಗನನ್ನು ನಿಲ್ಲಿಸುವುದು ಸರಿಯಲ್ಲ. ಈಗ ಅನುಮಾನವಿದ್ದರೆ ನಾಲ್ವರೇ ನೋಡುತ್ತೇವೆ. ಆಗಲೂ ತೀರದಿದ್ದರೆ ಚೆಂಡಿನ ಒಡೆಯ ಹೇಳಿದ್ದೇ ಕೊನೆಯ ಮಾತು, ಅದರ ಬಗೆಗೆ ಅಲ್ಲಿಗೇ ಮಾತು ಮುಗಿಯಬೇಕು. ಗೆದ್ದರೂ ಸೋತರೂ ಕ್ಯಾಡಿಗಳಿಗೆ ಕೊಡುವ ಹಣ ಒಂದೇ. ಪಣವನ್ನೂ ಬೆಳಗಿನ ತಿಂಡಿಗೆ ಇಳಿಸಿದ್ದೇವೆ, ಸೋತವರು ನಾಲ್ವರಿಗೂ ಕ್ಯಾಡಿಗಳಿಗೂ ಅಕ್ಕಿರೊಟ್ಟಿ, ಕಾಫಿ ಕೊಡಿಸುತ್ತಾರೆ.

ಗ್ರೀನ್ ಮೇಲಿನ ಚಿಕ್ಕ ಪಟ್‌ಗಳನ್ನು ಆಡದೆಯೇ ಬಿಟ್ಟುಕೊಡುವುದನ್ನು ಎಲ್ಲ ಕಡೆಯೂ ಗಿಮ್ಮಿ ಎನ್ನುತ್ತಾರೆ. ಎದುರಾಳಿಗೆ ಎದುರಾಳಿಯಾಗಿ ಆಡುವ ಮ್ಯಾಚ್ ಪ್ಲೇನಲ್ಲಿ ಇದು ನಿಯಮಬದ್ಧ, ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಇದಕ್ಕೆ ಅವಕಾಶವಿಲ್ಲ. ನಾವು ಹೊಡೆತ ಎಣಿಸಿಯೇ ಆಡುತ್ತೇವೆ, ಆದರೂ ಇದನ್ನು ಒಪ್ಪಿಕೊಂಡಿದ್ದೇವೆ. ಪಟ್ ಮಾಡುವ ಕೋಲಾದ ಪಟರ್‌ನ ತಲೆಯನ್ನು ಕುಳಿಯೊಳಗಿಟ್ಟು ಅದನ್ನು ನೆಲಕ್ಕೆ ಮಲಗಿಸಿದಾಗ ಹಿಡಿಕೆ ಶುರುವಾಗುವಷ್ಟರೊಳಗೆ ಚೆಂಡಿದ್ದರೆ, ಅಂದರೆ ಸುಮಾರು ಎರಡು ಅಡಿಯೊಳಗಿದ್ದರೆ, ಎತ್ತಿಕೊಳ್ಳಬಹುದು. ಎತ್ತಿಕೊಂಡ ಪಟ್ ಒಂದು ಹೊಡೆತವಾಗಿ ಲೆಕ್ಕಕ್ಕೆ ಸೇರಲೇಬೇಕು. ಅನೇಕರು ಇದನ್ನು ಮರೆಯುತ್ತಾರೆ. ಇದಕ್ಕಿಂತ ಮುಖ್ಯವಾದದ್ದೆಂದರೆ ಗಿಮ್ಮಿ ಇತರರು ಕೊಡುವಂಥದು, ತಾನಾಗಿ ತೆಗೆದುಕೊಳ್ಳುವಂಥದಲ್ಲ. 1969ರಲ್ಲಿ ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್ ಮೈದಾನದಲ್ಲಿ ಅಮೆರಿಕ ಮತ್ತು ಬ್ರಿಟನ್ ತಂಡಗಳ ನಡುವೆ ನಡೆದ ರೈಡರ್ ಕಪ್ಪಿನ ಕೊನೆಯ ಪಂದ್ಯದ ಕೊನೆಯ ಗ್ರೀನ್‌ನಲ್ಲಿ, ಅಮೆರಿಕದ ಜ್ಯಾಕ್ ನಿಕ್ಲಾಸ್ ತಮ್ಮ ಪಟ್ಟನ್ನು ಕುಳಿಗೆ ಸೇರಿಸಿದ ಬಳಿಕ, ಬ್ರಿಟನ್ನಿನ ಟೋನಿ ಜ್ಯಾಕ್ಲಿನ್ ಅವರ ಚಿಕ್ಕ ಪಟ್ಟನ್ನು ಆಡಲು ಬಿಡದೆ ತಾವೇ ಬಿಟ್ಟುಕೊಟ್ಟರು. ಪಂದ್ಯಾವಳಿ 16–16ರ ಸಮದಲ್ಲಿ ಮುಗಿಯಿತು. ಜ್ಯಾಕ್ಲಿನ್ ತಾವಾಗಿಯೇ ಚೆಂಡೆತ್ತಿಕೊಂಡಿದ್ದರೆ ಅದನ್ನು ಯಾರೂ ಇಂದಿಗೂ ನೆನೆಯುತ್ತಿರಲಿಲ್ಲ. ನಮ್ಮಲ್ಲಿಯೂ "ತಗೊಳ್ಳಿ ಮೇಷ್ಟ್ರೇ" ಎಂದು ಯಾರಾದರೂ ಹೇಳುವವರೆಗೆ ಚೆಂಡು ಅಲ್ಲಿಯೇ ಇರುತ್ತದೆ.

ಉಳಿದವು ಚಿಕ್ಕವು. ನಲವತ್ತು ಕಿಲೋಮೀಟರ್ ಕಾರಿನಲ್ಲಿ ಕುಳಿತು ಬಂದು ಮೈ ಬಿಸಿಯಾಗದೆಯೇ ನಿಲ್ಲುವುದರಿಂದ ಮೊದಲನೆಯ ಟೀಯಲ್ಲಿ ಎಲ್ಲರಿಗೂ ಒಂದು ಮಲ್ಲಿಗನ್, ಅಂದರೆ ದಂಡವಿಲ್ಲದೆ ಮತ್ತೊಮ್ಮೆ ಹೊಡೆಯುವ ಅವಕಾಶ, ಉಂಟು, ಆದರೆ ಎರಡನೆಯ ಚೆಂಡು ಹೊಡೆದರೆ ಅದನ್ನೇ ಆಡಬೇಕು, ಎರಡರಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳುವಂತಿಲ್ಲ. ಒಂದು ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆಯಾದ ಪಾರ್‌ನ ಎರಡು ಪಟ್ಟು ತಲುಪಿದರೆ, ಅಂದರೆ ಪಾರ್ ನಾಲ್ಕರಲ್ಲಿ ಎಂಟಾದರೆ, ಚೆಂಡು ಎತ್ತಿಕೊಂಡು ಮುಂದೆ ನಡೆಯಬೇಕು. ಬಂಕರಿನಲ್ಲಿ, ಅಂದರೆ ಮರಳುಗುಂಡಿಯಲ್ಲಿ, ಮಳೆನೀರು ಕಟ್ಟಿದ್ದರೆ ಚೆಂಡನ್ನು ಹೊರತೆಗೆದು ಅದರ ಹಿಂದಿನಿಂದ ಆಡಬಹುದು.

ಸಡಿಲಿಸಬಾರದೆಂದು ತೀರ್ಮಾನಿಸಿದ ಸಂಗತಿಗಳನ್ನು ಎರಡನೆಯ ಪುಟದಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದೇವೆ. ಚೆಂಡಿಗೆ ತಾಗಲಿ ಬಿಡಲಿ, ಹೊಡೆಯಬೇಕೆಂದು ಬೀಸಿದ ಪ್ರತಿ ಬೀಸೂ ಒಂದು ಹೊಡೆತ. ಗ್ರೀನ್ ಬಿಟ್ಟ ಕೂಡಲೇ, ಮುಂದಿನ ಟೀ ತಲುಪುವ ಮೊದಲು, ತಮ್ಮ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಕಿತ್ತ ಹುಲ್ಲನ್ನು ಮರಳಿ ಇಟ್ಟು ತುಳಿಯಬೇಕು, ಗ್ರೀನ್ ಮೇಲಿನ ಚೆಂಡಿನ ಗುರುತನ್ನು ಸರಿಪಡಿಸಬೇಕು, ಬಂಕರಿನ ಹೆಜ್ಜೆಗುರುತನ್ನು ಅಳಿಸಬೇಕು. ನಾವು ನಮಗೆ ಎಷ್ಟೇ ವಿನಾಯಿತಿ ಕೊಟ್ಟುಕೊಂಡರೂ ಮೈದಾನಕ್ಕೂ ನಮ್ಮ ಹಿಂದೆ ಬರುವವರಿಗೂ ಕೊಡಬೇಕಾದದ್ದನ್ನು ಕಡಿಮೆ ಮಾಡುವ ಹಕ್ಕು ನಮಗಿಲ್ಲ. ಯಾವ ನಿಯಮವನ್ನೂ ಆಟದ ನಡುವೆ ಬದಲಾಯಿಸುವಂತಿಲ್ಲ. ಬದಲಾಗಬೇಕಿದ್ದರೆ ತಿಂಡಿಯ ಹೊತ್ತಿನಲ್ಲಿ ಮಾತಾಗಬೇಕು, ನಾಲ್ವರೂ ಒಪ್ಪಬೇಕು, ಮುಂದಿನ ಶನಿವಾರದಿಂದ ಜಾರಿಗೆ ಬರಬೇಕು.

ಕಳೆದ ವರ್ಷ ಕಾಫಿ ಕೊಯ್ಲು ಮುಗಿದ ಮೇಲೆ ಡಾಕ್ಟರ ಮಗಳು ನಮ್ಮೊಡನೆ ಬರತೊಡಗಿದಳು. ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ, ಅದುವರೆಗೆ ಕ್ಲಬ್ ಹಿಡಿದವಳಲ್ಲ. ಅವಳಿಗಾಗಿ ಪುಟದ ಕೊನೆಯಲ್ಲಿ ಮ್ಯಾನೇಜರು ತಮ್ಮ ಅಂದವಾದ ಅಕ್ಷರದಲ್ಲಿ "ಹೊಸಬರು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂದು ಬರೆದರು. ಚೆಂಡನ್ನು ಎಲ್ಲಿಯಾದರೂ ಇಟ್ಟುಕೊಳ್ಳಬಹುದು, ಎಷ್ಟು ಸಲವಾದರೂ ಹೊಡೆಯಬಹುದು, ಬೇಸರವಾದರೆ ಎತ್ತಿಕೊಂಡು ಜೊತೆಗೆ ನಡೆಯಬಹುದು, ಯಾರೂ ಅವಳ ಹೊಡೆತ ಎಣಿಸುವುದಿಲ್ಲ. ಚಿಕ್ಕವರನ್ನು ಲಗೋರಿಗೆ ಸೇರಿಸಿಕೊಳ್ಳುವಾಗ ನಮ್ಮ ಅಕ್ಕಂದಿರು ಮಾಡುತ್ತಿದ್ದ ಏರ್ಪಾಡೇ ಇದು. ಆರು ವಾರ ಅವಳು ಹಾಗೆಯೇ ಆಡಿದಳು. ಏಳನೆಯ ಶನಿವಾರ ಮೊದಲ ಟೀಯಲ್ಲಿ ನಾನು ಕಾರ್ಡಿನಲ್ಲಿ ನಾಲ್ಕು ಹೆಸರು ಬರೆಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತು, "ಅಂಕಲ್, ಇವತ್ತಿನಿಂದ ನಂದೂ ಬರೀರಿ" ಎಂದಳು. ಡಾಕ್ಟರು ಏನನ್ನೂ ಹೇಳಲಿಲ್ಲ, ಕ್ಲಬ್ ಒರೆಸುತ್ತ ಆಚೆ ನೋಡುತ್ತಿದ್ದರು. ಮಲ್ಲಿಗನ್ ಇದೆಯೆಂದು ಮೇಷ್ಟ್ರು ನೆನಪಿಸಿದರು, ಅವಳು ಬೇಡವೆಂದಳು. ಆ ಹೋಲ್ ಮುಗಿಸಿ ಎರಡನೆಯ ಟೀಯ ಕಡೆಗೆ ನಡೆಯುವಾಗ ಬೆರಳು ಮಡಿಸಿ ಎಣಿಸಿ, ಒಮ್ಮೆ ಗಾಳಿಗೆ ಬೀಸಿದ್ದನ್ನೂ ಸೇರಿಸಿ, "ಏಳು" ಎಂದು ಗಟ್ಟಿಯಾಗಿ ಹೇಳಿದಳು. ಐದನೆಯ ಸಾಲು ಎಳೆದು ನಾನು ಏಳು ಎಂದು ಬರೆದುಕೊಂಡೆ.